ಬಾಡಿಗೆ ಮನೆ ಆ್ಯಪ್: ಟಿಕ್ ಇದೆ, ಕಾರು ನಿಲ್ಲಿಸೋಕೆ ಜಾಗ ಎಲ್ಲಿ?

ಹೆಸರು ಬೇಡ ಬಿಡಿ, ಬಾಡಿಗೆ ಮನೆ ತೋರಿಸುವ ಆ್ಯಪ್‌ಗಳಲ್ಲಿ ಒಂದು. ನನ್ನ ಕಡೆಯಿಂದ 5ಕ್ಕೆ 2 ಸ್ಟಾರ್. ಆ ಎರಡು ಸ್ಟಾರ್ ಕೂಡ ಫೋಟೋಗಳಿಗೆ. ಅಡುಗೆಮನೆ, ಬಾಲ್ಕನಿ ಎಲ್ಲ ಫೋಟೋದಲ್ಲಿದ್ದ ಹಾಗೇ ಇದ್ದವು, ಸುಳ್ಳು ಹೇಳಬಾರದು.

ತಕರಾರು ಇರುವುದು 'ಕಾರ್ ಪಾರ್ಕಿಂಗ್' ಅನ್ನುವ ಫಿಲ್ಟರ್ ಬಗ್ಗೆ. ಅದನ್ನು ಒತ್ತಿದರೆ ಆರು ಮನೆ ಬಂದವು. ಆರನ್ನೂ ನೋಡಿಬಂದೆ. ಒಂದೊಂದು ಕಡೆ ಪಾರ್ಕಿಂಗ್ ಅಂದರೆ ಒಂದೊಂದು ಅರ್ಥ!

ಮೊದಲನೆಯದರಲ್ಲಿ ಗೇಟಿನ ಹೊರಗೆ ರಸ್ತೆ ಬದಿಯೇ ಪಾರ್ಕಿಂಗ್. ಎರಡನೆಯದರಲ್ಲಿ ಒಂದರ ಹಿಂದೆ ಒಂದು ಕಾರು, ಒಳಗಿನದು ನನ್ನದು, ಅಡ್ಡ ನಿಲ್ಲುವುದು ಪಕ್ಕದ ಫ್ಲ್ಯಾಟಿನವರದು. ಬೆಳಿಗ್ಗೆ ಆರಕ್ಕೆ ಹೊರಡುವವನು ನಾನು, ದಿನಾ ಅವರ ಬಾಗಿಲು ಬಡಿಯಲಾ? ಎರಡೂ ಕಾರು ಒಂದೇ ಮನೆಯವಾದರೆ ಪರವಾಗಿಲ್ಲ, ಬೇರೆಯವರ ಜೊತೆ ಬೇಡವೇ ಬೇಡ. ಮೂರನೆಯದು ಮೇಲೊಂದು ಕೆಳಗೊಂದು ಕಾರು ನಿಲ್ಲಿಸುವ ಯಂತ್ರ. ಅಲ್ಲಿನ ಬೋರ್ಡಿನಲ್ಲಿ ಎತ್ತರದ ಮಿತಿ 1.55 ಮೀಟರ್, ನನ್ನ ಗಾಡಿ 1.7. ಮಾತು ಮುಗಿಯಿತು.

ನಾಲ್ಕನೆಯ ಮನೆ ನನಗೆ ತುಂಬಾ ಇಷ್ಟವಾಗಿತ್ತು, ಹೊಟ್ಟೆ ಉರಿದದ್ದೂ ಅಲ್ಲೇ. ಎರಡು ಪಿಲ್ಲರ್ ನಡುವೆ ಜಾಗ. "ಆರಾಮಾಗಿ ಕೂತ್ಕೊಳ್ಳುತ್ತೆ ಸಾರ್" ಅಂದರು ತೋರಿಸಲು ಬಂದವರು. ಕನ್ನಡಿ ಮಡಚಿ ಒಳಗೆ ಹಾಕಿದೆ, ಕಾರು ಕೂತಿತು, ನಾನು ಇಳಿಯಲು ಆಗಲಿಲ್ಲ. ಟೇಪ್ ಹಿಡಿದು ನೋಡಿದರೆ ಪಿಲ್ಲರ್‌ನಿಂದ ಪಿಲ್ಲರ್‌ಗೆ 2.3 ಮೀಟರ್, ಕಾರಿನ ಅಗಲ 1.8. ಎರಡೂ ಕಡೆ 25 ಸೆಂಟಿಮೀಟರ್ ಉಳಿದರೆ ಬಾಗಿಲು ಎಲ್ಲಿ ತೆಗೆಯುವುದು? ಇನ್ನೊಂದು ವಿಷಯ, ಕಂಪನಿಯವರು ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ, ಅದನ್ನೇ ನಂಬಿ ಲೆಕ್ಕ ಹಾಕಬೇಡಿ. ಪಿಲ್ಲರ್ ಇದ್ದರೇ ತಪ್ಪು ಅಂತಲ್ಲ. ಅದು ಬಾನೆಟ್ ಪಕ್ಕ ಬಂದರೆ ತೊಂದರೆಯಿಲ್ಲ, ಡ್ರೈವರ್ ಬಾಗಿಲಿನ ಪಕ್ಕ ಬಂದರೆ ಮುಗೀತು. ಹಾಗಾಗಿ ಕಾರು ಬಿಟ್ಟು ಮನೆ ನೋಡಲು ಹೋಗಬೇಡಿ. ಒಳಗೆ ಹಾಕಿ, ಇಳಿದು, ಮತ್ತೆ ಹತ್ತಿ, ಹೊರಗೆ ತೆಗೆದು ನೋಡಿ.

ಐದನೆಯದರ ಬೇಸ್‌ಮೆಂಟಿಗೆ ಇಳಿಯುವಾಗ ಇಳಿಜಾರಿನ ತುದಿಯಲ್ಲಿ ಕಾರಿನ ತಳ ಕರ್‌ರ್ ಅಂತ ಉಜ್ಜಿತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ನೀರು ನಿಂತ ಗೆರೆ ಬೇರೆ. ವಾಪಸ್ ಬಂದೆ.

ಆರನೆಯದನ್ನು ತಗೊಂಡೆ. ಹಗಲು ನೋಡಿ ಒಪ್ಪಿಕೊಳ್ಳಲಿಲ್ಲ, ರಾತ್ರಿ ಹತ್ತಕ್ಕೆ ಮತ್ತೆ ಹೋದೆ. ಹಗಲಲ್ಲಿ ಎಲ್ಲರ ಕಾರೂ ಕೆಲಸಕ್ಕೆ ಹೋಗಿರುತ್ತವೆ, ಯಾವ ಪಾರ್ಕಿಂಗಾದರೂ ಮೈದಾನದ ಹಾಗೆ ಕಾಣುತ್ತದೆ ಅಲ್ವಾ? ರಾತ್ರಿ ನೋಡಿದರೆ ನನ್ನದು ಅಂತ ತೋರಿಸಿದ್ದ ಜಾಗದಲ್ಲಿ ಬೇರೆ ಯಾರದೋ ಕಾರು. ಮಾಲೀಕರು ಖಾಲಿ ಇದೆಯಲ್ಲ ಅಂತ ನೆರೆಯವರಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರಂತೆ. ಅದನ್ನು ಬಿಡಿಸಿ, ಕರಾರು ಪತ್ರದಲ್ಲಿ ಸ್ಲಾಟ್ ನಂಬರ್ ಬರೆಸಿ, ಪಾರ್ಕಿಂಗಿಗೆ ಬೇರೆ ಬಾಡಿಗೆ ಇಲ್ಲ ಅಂತಲೂ ಸೇರಿಸಿದ ಮೇಲೇ ಅಡ್ವಾನ್ಸ್ ಕೊಟ್ಟೆ. ಸ್ವಲ್ಪ ಜಾಸ್ತಿ ಆಯ್ತು ಅಂತ ಅವರ ಮುಖ ಹೇಳುತ್ತಿತ್ತು. ಇರಲಿ.

ಆ್ಯಪಿನವರಿಗೂ ಬರೆದೆ, ಸುಮ್ನೆ ಟಿಕ್ ಹಾಕಿಸುವ ಬದಲು ಪಾರ್ಕಿಂಗಿನ ಒಂದು ಫೋಟೋ, ಉದ್ದ, ಅಗಲ ಕೇಳಿ ಅಂತ. ಧನ್ಯವಾದ ಅಂತ ಉತ್ತರ ಬಂತು. ಮೊನ್ನೆ ನೋಡಿದೆ, ಆ ನಾಲ್ಕನೆಯ ಮನೆ ಇನ್ನೂ ಖಾಲಿ ಇದೆ, ಪಕ್ಕದಲ್ಲಿ ಹಸಿರು ಟಿಕ್ ಕೂಡ ಹಾಗೇ ಇದೆ.