ಕೆನಡಾದ ಕಾಮನ್-ಲಾ ಸ್ಪಾನ್ಸರ್‌ಶಿಪ್: ನಿಯಮ ಸಲೀಸು, ಪುರಾವೆಯೇ ತಲೆನೋವು

ಮದುವೆಯಾಗದೆ ಒಟ್ಟಿಗೆ ಬಾಳುತ್ತಿರುವ ಜೋಡಿಯಲ್ಲಿ ಒಬ್ಬರು ಕೆನಡಾದ ಪ್ರಜೆ ಅಥವಾ ಪಿಆರ್ (ಕಾಯಂ ನಿವಾಸಿ) ಆಗಿದ್ದರೆ, ಅವರೇ ಸ್ಪಾನ್ಸರ್ ಆಗಿ ಇನ್ನೊಬ್ಬರಿಗೂ ಪಿಆರ್ ಕೊಡಿಸಲು ಅಲ್ಲಿನ ವಲಸೆ ಇಲಾಖೆ ಐಆರ್‌ಸಿಸಿ ನಡೆಸುವ ವ್ಯವಸ್ಥೆ ಇದು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬೇಡ, ಪಾಯಿಂಟ್ಸ್ ಲೆಕ್ಕವಿಲ್ಲ, ಕನಿಷ್ಠ ಆದಾಯದ ಷರತ್ತೂ ಸಾಮಾನ್ಯವಾಗಿ ಇಲ್ಲ. ಕೇಳುವುದು ಮುಖ್ಯವಾಗಿ ಒಂದನ್ನೇ: ಸತತ 12 ತಿಂಗಳು ಒಂದೇ ಮನೆಯಲ್ಲಿ ದಂಪತಿಯಂತೆ ಬಾಳಿದ್ದೀರಾ?

ಬೆಂಗಳೂರಿನ ಜೋಡಿಗಳು ಎಡವುವುದು ಇಲ್ಲೇ. ನಮ್ಮಲ್ಲಿ ಬಾಡಿಗೆ ಕರಾರು 11 ತಿಂಗಳದ್ದು, ಅದೂ ಹೆಚ್ಚಾಗಿ ಒಬ್ಬರ ಹೆಸರಿಗೆ. ಬೆಸ್ಕಾಂ ಬಿಲ್ ಓನರ್ ಹೆಸರಲ್ಲಿ, ಆಧಾರ್ ಊರಿನ ವಿಳಾಸದಲ್ಲಿ. ಹಾಗಾಗಿ ಮೊದಲ ತಿಂಗಳಿಂದಲೇ ಕರಾರಿನಲ್ಲಿ ಇಬ್ಬರ ಹೆಸರನ್ನೂ ಹಾಕಿಸಿ, ನವೀಕರಿಸಿದ ಕರಾರನ್ನೂ ಜೋಡಿಸಿಡಿ. ಜಂಟಿ ಬ್ಯಾಂಕ್ ಖಾತೆ ತೆರೆಯಿರಿ. ಇನ್ಶೂರೆನ್ಸ್‌ನಲ್ಲಿ ಒಬ್ಬರಿಗೊಬ್ಬರು ನಾಮಿನಿಯಾಗಿ. ಇಬ್ಬರ ಹೆಸರಿಗೂ ಅದೇ ವಿಳಾಸಕ್ಕೆ ಬಂದ ಬಿಲ್‌ಗಳು, ಬ್ಯಾಂಕ್ ಪತ್ರಗಳನ್ನು ತಿಂಗಳವಾರು ಎತ್ತಿಡಿ. ಒಟ್ಟಿಗೆ ಬಾಳುತ್ತಿದ್ದೇವೆಂದು ನೋಟರಿ ಮುಂದೆ ಸಹಿ ಹಾಕುವ ಐಎಂಎಂ 5409 ಘೋಷಣೆ ಬೇಕೇ ಬೇಕು, ಆದರೆ ಅದೊಂದರಿಂದ ಕೆಲಸ ಆಗುವುದಿಲ್ಲ. ಗೋವಾದ ಇನ್ನೂರು ಫೋಟೊ ಒಟ್ಟಿಗೆ ಸುತ್ತಾಡಿದ್ದನ್ನು ತೋರಿಸುತ್ತವೆ, ಒಟ್ಟಿಗೆ ವಾಸವಿದ್ದದ್ದನ್ನಲ್ಲ. ಕೆಲಸಕ್ಕೋ ಮನೆಯವರನ್ನು ನೋಡಲೋ ಕೆಲವು ದಿನ ದೂರವಿದ್ದರೆ ತೊಂದರೆಯಿಲ್ಲ. ಆರು ತಿಂಗಳು ಒಬ್ಬರು ಟೊರಾಂಟೊ, ಇನ್ನೊಬ್ಬರು ಜಯನಗರ ಎಂದಿದ್ದರೆ 'ಸತತ' ಎನ್ನುವುದೇ ಬಿದ್ದುಹೋಗುತ್ತದೆ.

ಅರ್ಜಿ ಐಆರ್‌ಸಿಸಿಯ ಆನ್‌ಲೈನ್ ಪಿಆರ್ ಪೋರ್ಟಲ್‌ನಲ್ಲಿ. ಐಎಂಎಂ 1344, ಐಎಂಎಂ 5532 ಫಾರಂಗಳ ಪಿಡಿಎಫ್‌ಗಳನ್ನು ಬ್ರೌಸರ್‌ನಲ್ಲಿ ತೆರೆದರೆ 'ಪ್ಲೀಸ್ ವೇಟ್' ಎಂದು ತೋರಿಸುತ್ತಾ ಅಲ್ಲೇ ನಿಲ್ಲುತ್ತವೆ. ಕಾಯುವುದು ದಂಡ, ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲಿ ತೆರೆಯಿರಿ. ಒಂದು ಸಹಿ ಬಿಟ್ಟುಹೋದರೂ ಇಡೀ ಅರ್ಜಿ ವಾಪಸ್. ಕನ್ನಡದ ದಾಖಲೆಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು, ಆದರೆ ಮನೆಯವರು ಮಾಡಿದ್ದು ನಡೆಯುವುದಿಲ್ಲ. ಭಾರತದ ಪಿಸಿಸಿಯನ್ನು (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಠಾಣೆಯಿಂದಲ್ಲ, ಪಾಸ್‌ಪೋರ್ಟ್ ಸೇವಾ ಮೂಲಕ ಪಡೆಯಿರಿ. ಅದಕ್ಕೆ 500 ರೂಪಾಯಿ.

2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ದರದಲ್ಲಿ ಶುಲ್ಕ ಒಟ್ಟು 1,205 ಕೆನಡಿಯನ್ ಡಾಲರ್, ಬಯೋಮೆಟ್ರಿಕ್ಸ್‌ಗೆ ಮತ್ತೆ 85 ಇತ್ತು. ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ ಇರುವುದರಿಂದ ಕಟ್ಟುವ ದಿನ ದರ ನೋಡಿಕೊಳ್ಳಿ.

ಇಬ್ಬರೂ ಈಗಾಗಲೇ ಕೆನಡಾದಲ್ಲಿದ್ದರೆ ಇನ್‌ಲ್ಯಾಂಡ್ (ಕೆನಡಾದೊಳಗೇ ಇರುವವರ ವರ್ಗ), ಔಟ್‌ಲ್ಯಾಂಡ್ (ಹೊರಗಿರುವವರೂ ಹಾಕಬಹುದಾದ ವರ್ಗ) ಎರಡೂ ದಾರಿ ತೆರೆದಿರುತ್ತವೆ. ಔಟ್‌ಲ್ಯಾಂಡ್ ತಿರಸ್ಕಾರವಾದರೆ ಸ್ಪಾನ್ಸರ್ ಮೇಲ್ಮನವಿ ಮಂಡಳಿಗೆ ಹೋಗಬಹುದು. ಇನ್‌ಲ್ಯಾಂಡ್‌ಗೆ ಆ ಅವಕಾಶವಿಲ್ಲ, ಫೆಡರಲ್ ಕೋರ್ಟೇ ಗತಿ. ಪ್ರಕ್ರಿಯೆಯ ನಡುವೆ ಊರಿಗೆ ಬಂದುಹೋಗುವ ಯೋಚನೆ ಇದ್ದವರಿಗೂ ಔಟ್‌ಲ್ಯಾಂಡೇ ಲೇಸು.

ಎಲ್ಲಕ್ಕಿಂತ ದೊಡ್ಡ ಗುಂಡಿ ಬೇರೆ ಇದೆ. ಸ್ಪಾನ್ಸರ್ ತಾನು ಪಿಆರ್ ಪಡೆಯುವಾಗ ಆಗಲೇ ಕಾಮನ್-ಲಾ ಸಂಗಾತಿ ಇದ್ದೂ 'ಸಿಂಗಲ್' ಎಂದು ಬರೆದಿದ್ದರೆ, ವಲಸೆ ನಿಯಮ 117(9)(ಡಿ) ಪ್ರಕಾರ ಆ ಸಂಗಾತಿಯನ್ನು ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚುತ್ತದೆ. 2019ರಲ್ಲಿ ಬಂದ ವಿನಾಯಿತಿ ಎಲ್ಲರಿಗೂ ಅನ್ವಯಿಸದು. ಕಾಮನ್-ಲಾ ಆದಮೇಲೆ ಕೆನಡಾದ ತೆರಿಗೆ ದಾಖಲೆಯಲ್ಲಿ ಸಿಂಗಲ್ ಎಂದೇ ಉಳಿದಿದ್ದರೂ ಅಧಿಕಾರಿ ಕೇಳದೆ ಬಿಡುವುದಿಲ್ಲ.

ಮದುವೆಯಾಗಲು ಅಡ್ಡಿಯಿಲ್ಲದವರು ನೋಂದಣಿ ಮಾಡಿಸಿ ದಂಪತಿಯಾಗಿಯೇ ಅರ್ಜಿ ಹಾಕುವುದು ಜಾಣತನ, ಆಗ ಹನ್ನೆರಡು ತಿಂಗಳ ಲೆಕ್ಕವೇ ಬೇಡ. ಸಂಬಂಧ ನಿಜವೆಂದು ತೋರಿಸುವ ಹೊಣೆ ಮಾತ್ರ ಆಗಲೂ ತಪ್ಪದು. 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಭಾರತದಲ್ಲಿ ಮದುವೆಯ ಮಾನ್ಯತೆ ಸಿಗದ ಸಲಿಂಗಿ ಜೋಡಿಗಳಿಗೆ ಮಾತ್ರ ಈ ಕಾಮನ್-ಲಾ ದಾರಿ ನಿಜಕ್ಕೂ ದೊಡ್ಡ ಆಸರೆ. ಸಂಬಂಧ ಮುರಿದರೂ ಸಂಗಾತಿಯ ಖರ್ಚು ನೋಡಿಕೊಳ್ಳುವ ಸ್ಪಾನ್ಸರ್‌ನ ಮೂರು ವರ್ಷದ ಹೊಣೆ ಮುರಿಯುವುದಿಲ್ಲ, ಸಹಿ ಹಾಕುವವರಿಗೆ ಇದು ಗೊತ್ತಿರಲಿ. ಕ್ವಿಬೆಕ್‌ಗೆ ಹೋಗುವವರಿಗೆ ಇಷ್ಟೇ ಸಾಲದು, ಆ ಪ್ರಾಂತ್ಯದ ಅರ್ಜಿಯೂ ಶುಲ್ಕವೂ ಬೇರೆ.