ಸ್ಟಾರ್ಟ್ ಆಗದ ಸ್ಪೋರ್ಟ್ಸ್ ಕಾರಿಗೆ ಡಿಸಿ ಕ್ಲಾಂಪ್ ಮೀಟರ್: ಹಲವು ವರ್ಷ ಬಳಸಿದ ಮೇಲೆ

ಸ್ಪೋರ್ಟ್ಸ್ ಕಾರು ಇರುವ ಹಲವರ ಹತ್ತಿರ ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ಗಳಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ, ಇರುತ್ತದೆ. ನನ್ನ ಹತ್ತಿರವೂ ಇದೆ. ಆದರೂ ಕಾರು ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ಹುಡುಕುವುದು ಡಿಸಿ ಕ್ಲಾಂಪ್ ಮೀಟರನ್ನೇ. ಕೇಬಲ್ ಬಿಚ್ಚದೆ ಅದರ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್ ಇದು, ಪ್ರೋಬ್ ಹಾಕಿದರೆ ವೋಲ್ಟೇಜನ್ನೂ ತೋರಿಸುತ್ತದೆ. ತಗೊಳ್ಳುವಾಗ 'ಡಿಸಿ' ಅನ್ನೋದನ್ನು ಸರಿಯಾಗಿ ನೋಡಿಕೊಳ್ಳಿ. ಮನೆ ವೈರಿಂಗ್ ಕೆಲಸದವರು ಬಳಸುವ, ಎಸಿ ಮಾತ್ರ ಅಳೆಯುವ ಕ್ಲಾಂಪ್ ಬ್ಯಾಟರಿ ಕೇಬಲ್‌ಗೆ ಪ್ರಯೋಜನವಿಲ್ಲ.

ಈಗಿನ ಕಾರಿನಲ್ಲಿ ವೋಲ್ಟೇಜ್ ಕುಸಿದರೆ ಕಂಟ್ರೋಲ್ ಮಾಡ್ಯೂಲ್‌ಗಳು (ಒಂದೊಂದು ಭಾಗವನ್ನು ನಡೆಸುವ ಸಣ್ಣ ಕಂಪ್ಯೂಟರ್‌ಗಳು) ಒಂದರ ಹಿಂದೆ ಒಂದು ಸುಮ್ಮನಾಗುತ್ತವೆ. ಆಗ ಸ್ಕ್ಯಾನರ್ ಹಾಕಿದರೆ ಎಬಿಎಸ್, ಸ್ಟೀರಿಂಗ್, ಗೇರ್‌ಬಾಕ್ಸ್ ಎಲ್ಲದರಲ್ಲೂ ಕೋಡ್. ಯು0100 ಅಂದರೆ ಎಂಜಿನ್ ಕಂಪ್ಯೂಟರ್ ಜೊತೆ ಸಂಪರ್ಕ ತಪ್ಪಿದೆ ಅಂತ ಅಷ್ಟೇ, ಅದನ್ನು ನೋಡಿ ಕಂಪ್ಯೂಟರೇ ಹೋಯ್ತು ಅಂತ ಗಾಬರಿಯಾಗುವವರು ಜಾಸ್ತಿ. ಮೊದಲು ವೋಲ್ಟೇಜ್ ಸರಿ ಮಾಡಿ, ಕೋಡ್ ಅಳಿಸಿ, ಆಮೇಲೆ ಯಾವುದು ಮತ್ತೆ ಬರುತ್ತದೆ ನೋಡಿ. ಹಾಗೆ ಬಂದದ್ದು ಮಾತ್ರ ಲೆಕ್ಕಕ್ಕೆ.

ನನ್ನ ಕಾರಿನದು ಬೇರೆಯೇ ಕಾಟ. ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟರ್ (ಎಂಜಿನ್ ತಿರುಗಿಸಿ ಶುರು ಮಾಡುವ ಮೋಟಾರ್) ಎಳೆದು ಎಳೆದು ತಿರುಗುತ್ತಿತ್ತು, ಕೆಲವೊಮ್ಮೆ ಒಂದು 'ಟಕ್' ಶಬ್ದ ಬಂದು ನಿಂತುಬಿಡುತ್ತಿತ್ತು. ವರ್ಕ್‌ಶಾಪ್‌ನಲ್ಲಿ ಬ್ಯಾಟರಿ ಬದಲಾಯಿಸಿದರು, ಸರಿಹೋಗಲಿಲ್ಲ. ಮುಂದೆ ಸ್ಟಾರ್ಟರ್ ಬಿಚ್ಚೋಣ ಅಂದರು. ಎಂಜಿನ್ ಹಿಂದೆ ಇರುವ ಕಾರಿನಲ್ಲಿ ಸ್ಟಾರ್ಟರ್ ಬಿಚ್ಚೋದು ಸಣ್ಣ ಕೆಲಸವಲ್ಲ, ಅದಕ್ಕೇ ಮೊದಲು ಅಳೆದು ನೋಡೋಣ ಅಂತ ಕೂತೆ.

ನಿಂತಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಫುಲ್ ಚಾರ್ಜ್. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ತುದಿಗಳಲ್ಲೇ 11 ವೋಲ್ಟ್ ಇತ್ತು. ಸಾಮಾನ್ಯವಾಗಿ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು, ಇಲ್ಲಿ ಹಾಗಿರಲಿಲ್ಲ. ಕ್ಲಾಂಪ್ ಮಾತ್ರ ಸುಮಾರು 130 ಆಂಪ್ ತೋರಿಸಿತು. ಅಷ್ಟು ದೊಡ್ಡ ಎಂಜಿನ್ನಿಗೆ ಇದು ತೀರಾ ಕಡಿಮೆ. ಬ್ಯಾಟರಿ ಕೊಡೋಕೆ ತಯಾರಿದೆ, ಆದರೆ ಸ್ಟಾರ್ಟರ್‌ಗೆ ತಲುಪುತ್ತಿಲ್ಲ ಅಂತ ಆಯ್ತಲ್ವಾ? ಮೀಟರಿನ ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಪೋಸ್ಟ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಮತ್ತೆ ಕ್ರ್ಯಾಂಕ್ ಮಾಡಿಸಿದೆ, ಅಂದರೆ ಸ್ಟಾರ್ಟರ್ ತಿರುಗಿಸಿದೆ. 1.8 ವೋಲ್ಟ್! ಅಂದರೆ ಅಷ್ಟು ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತಿತ್ತು, ಅಲ್ಲಿ ಅರ್ಧ ವೋಲ್ಟ್ ಇದ್ದರೂ ಜಾಸ್ತಿಯೇ. ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಬರುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅದರ ಕಣ್ಣಿನ ಅಡಿಯಲ್ಲಿ ಹಸಿರು ಕಿಲುಬು ಪದರಗಟ್ಟಿತ್ತು, ಹೆಣಿಗೆಯ ತಂತಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಜಾಗ ಉಜ್ಜಿ, ಹೊಸ ಪಟ್ಟಿ ಹಾಕಿದ ಮೇಲೆ 0.1 ವೋಲ್ಟ್‌ಗೆ ಇಳಿಯಿತು. ಸ್ಟಾರ್ಟರ್ ಅದೇ ಹಳೆಯದು, ಇವತ್ತಿಗೂ ಓಡುತ್ತಿದೆ.

ಈ ಮೀಟರಿನ ಮಿನ್-ಮ್ಯಾಕ್ಸ್ ಬಟನ್ ನನಗೆ ತುಂಬಾ ಇಷ್ಟ. ಕ್ರ್ಯಾಂಕ್ ಮಾಡುವಾಗ ಒಳಗೆ ಕೂತಿರುತ್ತೀರಿ, ಪರದೆ ನೋಡೋಕೆ ಆಗಲ್ಲ. ಹೊರಗೆ ಬಂದ ಮೇಲೆ ಎಷ್ಟಕ್ಕೆ ಇಳಿದಿತ್ತು ಅಂತ ಅದೇ ಹೇಳುತ್ತದೆ.

ನಿಲ್ಲಿಸಿಟ್ಟ ಕಾರಿನಲ್ಲಿ ಬ್ಯಾಟರಿ ಸೋರುವುದನ್ನು ಹಿಡಿಯಲು ಮಾತ್ರ ಇದರ ಕ್ಲಾಂಪ್ ಸಾಲದು. ಮಾಡ್ಯೂಲ್‌ಗಳೆಲ್ಲ ಮಲಗಿದ ಮೇಲೆ ಕಾರು ಸಾಮಾನ್ಯವಾಗಿ 50 ಮಿಲಿ ಆಂಪ್‌ಗಿಂತ ಕಡಿಮೆ ಎಳೆಯಬೇಕು. ಇದು ತೋರಿಸುವುದೇ 10 ಮಿಲಿ ಆಂಪ್ ಹೆಜ್ಜೆಯಲ್ಲಿ, ಅದರ ಮೇಲೆ ಸೊನ್ನೆಯೂ ಸ್ವಲ್ಪ ಹೊತ್ತಿಗೆ ಸರಿದುಬಿಡುತ್ತದೆ. ಅದಕ್ಕೆ ಫ್ಯೂಸ್ ಕೀಳದೆ ಅದರ ತಲೆಯ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುತ್ತೇನೆ. 10 ಆಂಪ್‌ನ ಸಣ್ಣ ಫ್ಯೂಸಿನಲ್ಲಿ 0.7 ಮಿಲಿವೋಲ್ಟ್ ಬಂದರೆ ಸುಮಾರು 100 ಮಿಲಿ ಆಂಪ್ ಹರಿಯುತ್ತಿದೆ ಅಂತ ಅರ್ಥ. ಫ್ಯೂಸ್ ಕಿತ್ತು ಮತ್ತೆ ಹಾಕಿದರೆ ಮಲಗಿದ ಮಾಡ್ಯೂಲ್ ಎದ್ದು ಕೂರುತ್ತದೆ, ಲೆಕ್ಕವೆಲ್ಲ ಹಾಳು. ಅಳೆಯುವ ಮೊದಲು, ತೆರೆದ ಬಾಗಿಲಿನ ಲಾಕ್ ಅನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀಲಿ ದೂರ ಇಟ್ಟು, ಒಂದು ಗಂಟೆ ಸುಮ್ನೆ ಕಾಯಿರಿ. ನನಗೆ ಹೀಗೇ ಸಿಕ್ಕಿದ್ದು ಮಲಗಲು ಒಪ್ಪದ ಆಡಿಯೋ ಆಂಪ್ಲಿಫೈಯರ್.

ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ತೂಕ ಇಳಿಸಲು ಲಿಥಿಯಂ ಬ್ಯಾಟರಿ ಇರುತ್ತದೆ. ಅದು ನಿಂತಾಗ ಸುಮಾರು 13.3 ವೋಲ್ಟ್ ಇರಬೇಕು, 12.6 ಬಂದರೆ ಅದು ಖಾಲಿಯಾಗುತ್ತಾ ಬಂದಿದೆ. ಹಾಗೆಯೇ ಈಗಿನ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಕೆಲವೊಮ್ಮೆ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ. ಎಂಜಿನ್ ಓಡುವಾಗ 14 ಬರಲಿಲ್ಲ ಅಂತ ಆಲ್ಟರ್ನೇಟರ್ ಬದಲಾಯಿಸಬೇಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಇನ್ನೊಮ್ಮೆ ನೋಡಿ.

ಸ್ಟಾರ್ಟ್ ಬಟನ್ ಒತ್ತಿದರೆ ಏನೂ ಆಗದಿದ್ದಾಗ, ಬ್ರೇಕ್ ತುಳಿದರೆ ಬ್ರೇಕ್ ಲೈಟ್ ಉರಿಯುತ್ತಾ ಅಂತ ಮೊದಲು ನೋಡಿ, ಬ್ರೇಕ್ ಸ್ವಿಚ್ ಕೆಟ್ಟಿದ್ದರೂ ಕಾರು ಸ್ಟಾರ್ಟ್ ಆಗಲ್ಲ. ಸ್ಟಾರ್ಟರ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಅದು ಸಾಮಾನ್ಯವಾಗಿ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ), ಇಂಧನ ಅಥವಾ ಸೆನ್ಸರ್ ವಿಷಯ. ಅಲ್ಲಿ ಸ್ಕ್ಯಾನರೇ ಬೇಕು.

ಜೊತೆಗೆ ಕೊಟ್ಟ ಪ್ರೋಬ್ ವೈರ್ ಮಾತ್ರ ತೀರಾ ಗಿಡ್ಡ. ಬ್ಯಾಟರಿ ಮುಂದೆ, ಎಂಜಿನ್ ಹಿಂದೆ ಇರುವ ಕಾರಿನಲ್ಲಿ ಅದು ತಲುಪುವುದೇ ಇಲ್ಲ. ಮೊಸಳೆ ಕ್ಲಿಪ್ ಇರುವ ಉದ್ದನೆಯ ವೈರ್ ಬೇರೆಯಾಗಿ ತಗೊಳ್ಳಲೇಬೇಕು. ಐದರಲ್ಲಿ ನಾಲ್ಕು ಸ್ಟಾರ್, ಕಳೆದ ಆ ಒಂದು ಈ ವೈರ್‌ಗೆ.