ಕಾಸರಗೋಡಿನ ಮಳೆಗೆ ಯಾವ ಬಿಬಿ ಒಳ್ಳೆಯದು? ಮೂರನ್ನೂ ಓಡಿಸಿದ ಮೇಲೆ ನನ್ನ ಲೆಕ್ಕ

ಬಾಟಮ್ ಬ್ರಾಕೆಟ್ ಅಂದರೆ ಎರಡು ಕ್ರ್ಯಾಂಕ್‌ಗಳನ್ನು ಜೋಡಿಸುವ ಆಕ್ಸಲ್ ಮತ್ತು ಅದರ ಬೇರಿಂಗ್. ಕ್ರ್ಯಾಂಕ್ ಅಂದರೆ ಪೆಡಲ್ ಸಿಕ್ಕಿಸುವ ತೋಳು, ಬಿಬಿ ಕೂರುವ ಫ್ರೇಮಿನ ಅಡ್ಡ ಕೊಳವೆಗೆ ಶೆಲ್ ಅನ್ನುತ್ತಾರೆ. ಅಂಗಡಿಯಲ್ಲಿ ಬಿಬಿ ಅಂತಲೇ ಕೇಳುವುದು. ನಮ್ಮ ಮನೆಯ ಮೂರು ಸೈಕಲ್‌ಗಳಲ್ಲಿ ಮೂರು ಬಗೆಯ ಬಿಬಿ ಇದೆ. ಹಳೆಯದರಲ್ಲಿ ಕಪ್ ಮತ್ತು ಬಿಡಿ ಗೋಲಿ, ಹೈಬ್ರಿಡ್‌ನಲ್ಲಿ ಸೀಲ್ಡ್ ಕಾರ್ಟ್ರಿಜ್ (ಬೇರಿಂಗ್ ಎಲ್ಲ ಮುಚ್ಚಿದ ಒಂದೇ ಡಬ್ಬಿ), ಎಂಟಿಬಿಯಲ್ಲಿ, ಅಂದರೆ ಮೌಂಟನ್ ಬೈಕಿನಲ್ಲಿ, ಕಪ್ ಶೆಲ್ಲಿನ ಹೊರಗೆ ಕೂರುವಂಥದ್ದು. ಮೂರನ್ನೂ ನಾನೇ ಬಿಚ್ಚಿ ಹಾಕುತ್ತೇನೆ. ಓಡುವ ದಾರಿಯೂ ಒಂದೇ: ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಒಮ್ಮೊಮ್ಮೆ ಪೆರ್ಲದವರೆಗೆ. ಕೆಳಗೆ ಕಡಲಿನ ಉಪ್ಪು ಗಾಳಿ, ಮೇಲೆ ಹತ್ತಿದರೆ ಮುರಕಲ್ಲಿನ ಕೆಂಪು ಧೂಳು, ಜೂನ್ ಬಂತೆಂದರೆ ಬಿಡದ ಮಳೆ. ಇಂಥ ಊರಿಗೆ ನನ್ನ ಮತ ಸೀಲ್ಡ್ ಕಾರ್ಟ್ರಿಜ್‌ಗೆ. ಯಾಕೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಶಬ್ದದ ವಿಷಯ. ಕಿರ್ ಕಿರ್ ಅಂದ ಕೂಡಲೇ ಬಿಬಿ ಹೋಯಿತು ಅಂತ ಅಂಗಡಿಗೆ ಓಡುವವರೇ ಜಾಸ್ತಿ. ಆದರೆ ಫ್ರೇಮ್ ಟೊಳ್ಳು ಕೊಳವೆ. ಶಬ್ದ ಎಲ್ಲಿ ಹುಟ್ಟಿದರೂ ಕಾಲಡಿಯಿಂದಲೇ ಬಂದ ಹಾಗೆ ಕೇಳುತ್ತದೆ. ಹುಡುಕಲು ಸೀತಾಂಗೋಳಿಯ ಏರು ಒಳ್ಳೆಯ ಜಾಗ. ಕೂತು ತುಳಿಯುವಾಗ ಬರುವ ಶಬ್ದ ಎದ್ದು ನಿಂತು ತುಳಿದಾಗ ನಿಂತರೆ ಅದು ಸೀಟಿನದ್ದು, ಇಲ್ಲವೇ ಸೀಟ್‌ಪೋಸ್ಟಿನದ್ದು. ಹ್ಯಾಂಡಲ್ ಎಳೆಯದೆ ಕೈ ಸಡಿಲ ಬಿಟ್ಟಾಗ ನಿಂತರೆ ಸ್ಟೆಮ್ (ಹ್ಯಾಂಡಲನ್ನು ಹಿಡಿದಿಡುವ ತುಂಡು) ನೋಡಿ. ಇಳಿಜಾರಿನಲ್ಲಿ ತುಳಿಯದೆ ಸುಮ್ನೆ ಉರುಳುವಾಗಲೂ ಬಂದರೆ ಚಕ್ರದ ಕಡೆ ನೋಡಿ. ಕ್ರ್ಯಾಂಕಿನ ಒಂದು ಸುತ್ತಿಗೆ ಒಂದು ಸಲ ಬಂದರೆ ಮಾತ್ರ ಪೆಡಲ್, ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಬೋಲ್ಟ್, ಕ್ರ್ಯಾಂಕ್, ಬಿಬಿ ಇಷ್ಟರಲ್ಲಿ ಒಂದು. ಎರಡು ಮೂರು ಸುತ್ತಿಗೊಮ್ಮೆ ಬರುವುದಾದರೆ ಚೈನಿನ ಒಂದು ಕೊಂಡಿ ಬಿಗಿದಿರಬಹುದು.

ಈ ನಾಲ್ಕರಲ್ಲೂ ಬಿಬಿಯನ್ನು ಕೊನೆಗೆ ಮುಟ್ಟಿ. ಪೆಡಲ್ ಬಿಚ್ಚಿ, ಥ್ರೆಡ್ ಒರೆಸಿ, ಗ್ರೀಸ್ ಹಚ್ಚಿ ಬಿಗಿಯಿರಿ. ಎಡ ಪೆಡಲಿನ ಥ್ರೆಡ್ ಉಲ್ಟಾ, ನೆನಪಿರಲಿ. ಆಮೇಲೆ ಚೈನ್‌ರಿಂಗ್ ಬೋಲ್ಟ್. ಎಂಟಿಬಿಯಲ್ಲಿ ಏರು ಬಂದಾಗಲೆಲ್ಲ ಟಿಕ್ ಟಿಕ್ ಅನ್ನುತ್ತಿದ್ದದ್ದು ಈ ಬೋಲ್ಟುಗಳೇ. ಬಿಚ್ಚಿದಾಗ ಪ್ರತಿಯೊಂದರ ತಲೆಯ ಕೆಳಗೆ ಕೆಂಪು ಧೂಳು ಒಣಗಿ ಗಟ್ಟಿ ಉಂಗುರದ ಹಾಗೆ ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಗ್ರೀಸ್ ಹಚ್ಚಿ ಬಿಗಿದೆ. ಶಬ್ದ ಹೋಯಿತು. ಬಿಬಿ ಮುಟ್ಟುವ ಕೆಲಸವೇ ಬರಲಿಲ್ಲ.

ಬಿಬಿಯೇ ಕೆಟ್ಟಿದೆಯಾ ಅಂತ ನೋಡಲು ಚೈನನ್ನು ಚೈನ್‌ರಿಂಗ್‌ನಿಂದ ಇಳಿಸಿ. ಒಂದು ಕೈ ಸೀಟಿನ ಕೊಳವೆಯ ಮೇಲೆ ಇಟ್ಟು ಇನ್ನೊಂದರಲ್ಲಿ ಕ್ರ್ಯಾಂಕ್ ತಿರುಗಿಸಿ. ಬೇರಿಂಗ್ ಕೆಟ್ಟಿದ್ದರೆ ಕೊರಕೊರ ಅನ್ನುವುದು ಅಂಗೈಗೆ ಗೊತ್ತಾಗುತ್ತದೆ. ಕ್ರ್ಯಾಂಕನ್ನು ಅಡ್ಡಕ್ಕೆ ಅಲುಗಾಡಿಸಿ. ಎರಡೂ ಒಟ್ಟಿಗೆ ಅಲುಗಿದರೆ ಬಿಬಿ. ಒಂದೇ ಅಲುಗಿದರೆ ಆ ಕ್ರ್ಯಾಂಕಿನ ಬೋಲ್ಟ್ ಸಡಿಲ.

ಬಿಡಿ ಗೋಲಿಯ ಬಿಬಿ ಮೇಲೆ ನನಗೆ ಪ್ರೀತಿ ಇದೆ. ಒಂದೊಂದು ಬದಿಗೆ ಕಾಲಿಂಚಿನ 11 ಗೋಲಿ, ಒಂದು ಆಕ್ಸಲ್, ಎರಡು ಕಪ್, ಎಡಗಡೆ ಕಪ್ ಸಡಿಲವಾಗದ ಹಾಗೆ ಹಿಡಿಯುವ ಒಂದು ಲಾಕ್‌ರಿಂಗ್, ಅಷ್ಟೇ. ಚಿಲ್ಲರೆ ದುಡ್ಡಿಗೆ ಗೋಲಿ ಸಿಗುತ್ತದೆ, ಯಾವ ಪೇಟೆಯ ಸೈಕಲ್ ಅಂಗಡಿಯವರಿಗೂ ಕೆಲಸ ಗೊತ್ತು. ಚೆನ್ನಾಗಿ ಹೊಂದಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ತೊಂದರೆ ನೀರಿನದ್ದು. ಸೀಟ್‌ಪೋಸ್ಟಿನ ಪಕ್ಕದಿಂದ ಇಳಿದ ಮಳೆನೀರು ಸೀಟಿನ ಕೊಳವೆಯೊಳಗೆ ನೇರ ಬಿಬಿ ಶೆಲ್ಲಿಗೇ ಬರುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಕಪ್ ಬಿಚ್ಚಿದರೆ ಗ್ರೀಸ್ ನೀರು ಕುಡಿದು ಬೆಳ್ಳಗಾಗಿ ಲೊಳಲೊಳ ಅನ್ನುತ್ತಿರುತ್ತದೆ, ಆಕ್ಸಲಿನ ಮೇಲೆ ಗೋಲಿ ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಗುಳಿ ಬಿದ್ದ ಮೇಲೆ ಎಷ್ಟು ಹೊಂದಿಸಿದರೂ ಸರಿಯಾಗುವುದಿಲ್ಲ. ಬಿಗಿ ಮಾಡಿದರೆ ಸಿಕ್ಕಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಅಲುಗುತ್ತದೆ. ಹಾಗಾಗಿ ಮಳೆಗೆ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ ಬಿಚ್ಚಲೇಬೇಕು. ಬೋಟಿನ ಕೆಲಸಕ್ಕೆ ಬಳಸುವ, ನೀರಿಗೆ ಬೇಗ ತೊಳೆದುಹೋಗದ ಗ್ರೀಸ್ ಹಾಕಿದರೆ ಸ್ವಲ್ಪ ಜಾಸ್ತಿ ತಡೆಯುತ್ತದೆ.

ಹೊರಗಿನ ಕಪ್ಪಿನದ್ದು ನೋಡಲು ಚೆಂದ, ಬಿಚ್ಚಲು ಎಲ್ಲಕ್ಕಿಂತ ಸುಲಭ. 24 ಮಿ.ಮೀ. ದಪ್ಪದ ಟೊಳ್ಳು ಆಕ್ಸಲ್ ಬಲ ಕ್ರ್ಯಾಂಕಿಗೇ ಅಂಟಿಕೊಂಡಿರುತ್ತದೆ. ಎಡ ಕ್ರ್ಯಾಂಕಿನ ಎರಡು ಬೋಲ್ಟ್ ಸಡಿಲಿಸಿ, ಪ್ಲಾಸ್ಟಿಕ್ ಕ್ಯಾಪ್ ತೆಗೆದು ಎಳೆದರೆ ಆಯಿತು, ಕ್ರ್ಯಾಂಕ್ ಕಿತ್ತು ತೆಗೆಯುವ ಪುಲ್ಲರ್ ಬೇಡ. ಏರಿನಲ್ಲಿ ಒತ್ತಿ ತುಳಿದಾಗ ಗಟ್ಟಿಯಾಗಿದೆ ಅನ್ನಿಸುತ್ತದೆ, ಅದು ನಿಜ. ಆದರೆ ಬೇರಿಂಗ್ ಶೆಲ್ಲಿನ ಹೊರಗೆ ಕೂತಿರುವುದರಿಂದ ಮುಂದಿನ ಚಕ್ರ ಎರಚುವ ಕೆಸರು ಮೊದಲು ತಾಗುವುದು ಅದಕ್ಕೇ. ದಪ್ಪ ಆಕ್ಸಲಿಗೆ ಜಾಗ ಬಿಡಬೇಕಾದ್ದರಿಂದ ಒಳಗಿನ ಗೋಲಿಗಳೂ ಸಣ್ಣವು. ನನ್ನದು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೊರಕೊರ ಅನ್ನತೊಡಗಿತು. ಶೆಲ್ಲಿನ ಅಂಚಿನಲ್ಲಿ ಪೇಂಟ್ ಉಳಿದಿದ್ದರೆ, ಅಂಚು ಸಮ ಇಲ್ಲದಿದ್ದರೆ, ಹೊಸ ಕಪ್ ಹಾಕಿದರೂ ಶಬ್ದ ಬರುತ್ತದೆ. ಇನ್ನೊಂದು ತಾಪತ್ರಯ: ಕಪ್ ಬಿಚ್ಚಲು 16 ಕಚ್ಚಿನ ಟೂಲ್ ಬೇಕು. ಹತ್ತಿರದ ಅಂಗಡಿಯಲ್ಲಿ ಕೇಳಿದಾಗ “ಅಣ್ಣ, ಅದರ ಸಾಮಾನು ನಮ್ಮಲ್ಲಿ ಇಲ್ಲ” ಅಂದರು.

ಕಾರ್ಟ್ರಿಜ್ ಇವೆರಡರ ನಡುವೆ ನಿಲ್ಲುತ್ತದೆ. ಬೇರಿಂಗ್, ಆಕ್ಸಲ್ ಎಲ್ಲ ಸೀಲ್ ಮಾಡಿದ ಒಂದೇ ಡಬ್ಬಿಯಲ್ಲಿ ಶೆಲ್ಲಿನ ಒಳಗಿರುತ್ತದೆ. ನೀರು ಶೆಲ್ಲಿಗೆ ಇಳಿದರೂ ಡಬ್ಬಿಯ ಹೊರಗೇ ನಿಲ್ಲುತ್ತದೆ. ಹೈಬ್ರಿಡ್‌ನಲ್ಲಿರುವುದು ಶಿಮಾನೋದ ಯುಎನ್ 300. ಮಳೆಯಲ್ಲೂ ಉಪ್ಪು ಗಾಳಿಯಲ್ಲೂ ಓಡಿ ಇನ್ನೂ ನುಣ್ಣಗೆ ತಿರುಗುತ್ತಿದೆ, ನಡುವೆ ಹೊಂದಿಸುವ ಕೆಲಸವೇ ಇಲ್ಲ. ಕೆಟ್ಟರೆ ರಿಪೇರಿ ಇಲ್ಲ, ಬಿಸಾಡಿ ಹೊಸದು ಹಾಕಬೇಕು. ಆದರೂ ದರ ಕೈಗೆಟಕುವಂಥದ್ದು. ಬೇಕಾದ ಟೂಲ್ ಎರಡೇ: ಕ್ರ್ಯಾಂಕ್ ಪುಲ್ಲರ್ ಮತ್ತು 20 ಹಲ್ಲಿನ ಬಿಬಿ ಟೂಲ್.

ಕೊಳ್ಳುವಾಗ ಶೆಲ್ಲಿನ ಅಗಲ ಅಳೆಯಿರಿ, ಸಾಮಾನ್ಯವಾಗಿ 68 ಅಥವಾ 73 ಮಿ.ಮೀ. ಹಳೆಯ ಆಕ್ಸಲಿನ ಉದ್ದವನ್ನೂ ಅಳೆಯಿರಿ. 113, 118, 122.5 ಹೀಗೆ ಬೇರೆ ಬೇರೆ ಬರುತ್ತವೆ. ಉದ್ದ ತಪ್ಪಿದರೆ ಚೈನ್ ಓರೆ ಓಡುತ್ತದೆ. ಇಂಗ್ಲಿಷ್ ಥ್ರೆಡ್‌ನ ಶೆಲ್ ಆದರೆ ಮೂರೂ ಬಗೆ ಕೂರುತ್ತವೆ, ಹೊರಗಿನ ಕಪ್ಪಿಗೆ ಮಾತ್ರ ಕ್ರ್ಯಾಂಕನ್ನೂ ಬದಲಿಸಬೇಕು. ಈ ಶೆಲ್ಲಿನಲ್ಲಿ ಬಲಗಡೆಯ ಥ್ರೆಡ್ ಉಲ್ಟಾ: ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿ. ಹೊಸದು ಹಾಕುವಾಗ ಥ್ರೆಡ್ಡಿಗೆ ಧಾರಾಳ ಗ್ರೀಸ್ ಹಚ್ಚಿ, ಒಣ ಥ್ರೆಡ್ ತಾನೇ ಕಿರುಗುಟ್ಟುತ್ತದೆ. ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಬೇಕು. ಆಮೇಲೆ 50ರಿಂದ 70 ನ್ಯೂಟನ್ ಮೀಟರ್ ಬಿಗಿ. ಅಂದರೆ ಉದ್ದ ಹಿಡಿಯ ಸ್ಪ್ಯಾನರ್‌ಗೆ ಮೈಭಾರ ಕೊಟ್ಟು ಒತ್ತಬೇಕು.

ಮಕ್ಕಳು ಶಾಲೆಗೆ ಓಡಿಸುವ ಸೈಕಲಿನಲ್ಲಿ ಬಿಡಿ ಗೋಲಿ ಇದ್ದರೆ ಇರಲಿ, ಬದಲಿಸಬೇಡಿ. ವರ್ಷಕ್ಕೆ ಎರಡು ಸಲ ಗ್ರೀಸ್ ಬದಲಿಸಿದರೆ ಸಾಕು. ಜೋರು ಮಳೆಯಲ್ಲಿ ಓಡಿಸಿದ ದಿನ ಸೀಟ್‌ಪೋಸ್ಟ್ ಕಿತ್ತು ಸೈಕಲನ್ನು ತಲೆಕೆಳಗು ಮಾಡಿ ನೀರು ಇಳಿಸಿಬಿಡಿ. ಬಿಬಿ ಯಾವುದೇ ಇರಲಿ, ಇದನ್ನು ಮಾಡಿ. ಕೀಳುವ ಮೊದಲು ಸೀಟ್‌ಪೋಸ್ಟಿನ ಮೇಲೆ ಗುರುತು ಹಾಕಿಕೊಂಡರೆ ಸೀಟಿನ ಎತ್ತರವೂ ತಪ್ಪುವುದಿಲ್ಲ.